ಮಧ್ಯಾಹ್ನ ಎರಡು ಗಂಟೆಯ ಲೆಕ್ಕ: ಶಿಫ್ಟ್ ಕೆಲಸ, ಡೇ ಕೇರ್ ಮತ್ತು ಒಂದು ಅನುಪಾತ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಆಫರ್ ಲೆಟರ್‌ನಲ್ಲಿ ನಾವೆಲ್ಲ ಮೊದಲು ಹುಡುಕೋದು ಸಿಟಿಸಿ ಎಷ್ಟು ಅಂತ. ಅದರ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತೆ: ಅಗತ್ಯ ಬಿದ್ದರೆ ರೊಟೇಷನಲ್ ಶಿಫ್ಟ್‌ನಲ್ಲಿ ಕೆಲಸ ಮಾಡಲು ಒಪ್ಪಿಗೆ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಸಾಲಿಗೆ ಸಹಿ ಹಾಕೋದು ದೊಡ್ಡ ವಿಷಯವಲ್ಲ. ರಾತ್ರಿಯೆಲ್ಲ ಎಚ್ಚರ ಇರೋದು ಹಾಸ್ಟೆಲ್‌ನಲ್ಲೇ ಅಭ್ಯಾಸ ಆಗಿರುತ್ತೆ. ಆದರೆ ಅದೇ ಸಾಲನ್ನು ಎರಡು ವರ್ಷದ ಮಗು ಇರುವ ತಂದೆಯೋ ತಾಯಿಯೋ ಓದಿದರೆ ಬೇರೆಯದೇ ಪ್ರಶ್ನೆ ಏಳುತ್ತೆ. ಬೆಳಗ್ಗೆ ಆರಕ್ಕೆ ಮಷೀನ್ ಮುಂದೆ ನಿಲ್ಲಬೇಕಾದವರು ಐದೂವರೆಗೆ ಮಗುವನ್ನು ಯಾರ ಕೈಗೆ ಕೊಡಬೇಕು?

ಇದು ಕುಟುಂಬದ ಪ್ರಶ್ನೆ, ಕಾನೂನಿನ ಪ್ರಶ್ನೆ. ಅಷ್ಟೇ ಅಲ್ಲ, ಅಪ್ಪಟ ಶೆಡ್ಯೂಲಿಂಗ್ ಪ್ರಶ್ನೆಯೂ ಹೌದು. ಹಾಗಾಗಿ ನಮ್ಮಂಥ ಎಂಜಿನಿಯರಿಂಗ್ ಓದುವವರು ಒಂದ್ಸಲ ಕೂತು ಬಿಡಿಸಿ ನೋಡಬೇಕಾದ ಲೆಕ್ಕ ಇದು.

ಎರಡು ಗಡಿಯಾರಗಳು

ಬೆಂಗಳೂರಿನ ಹೊರವಲಯದ ಮೂರು ಜಾಗ ತಗೊಳ್ಳೋಣ. ಪೀಣ್ಯದಲ್ಲಿ ಮಷೀನ್ ಶಾಪ್‌ಗಳು, ಗಾರ್ಮೆಂಟ್ಸ್, ಬಿಡಿಭಾಗ ಮಾಡುವ ಸಣ್ಣ ಸಣ್ಣ ಯೂನಿಟ್‌ಗಳು. ಶಿಫ್ಟ್ ಇರುವ ಕಡೆ ಸಾಮಾನ್ಯವಾಗಿ ಫಸ್ಟ್ ಶಿಫ್ಟ್ ಬೆಳಗ್ಗೆ 6ರಿಂದ 2, ಸೆಕೆಂಡ್ ಶಿಫ್ಟ್ 2ರಿಂದ ರಾತ್ರಿ 10, ಆಮೇಲೆ ನೈಟ್ ಶಿಫ್ಟ್. ಇವುಗಳ ಜೊತೆಗೆ ಆಫೀಸಿನವರ ಜನರಲ್ ಶಿಫ್ಟ್. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಡಿಯಾರ ಇನ್ನೊಂದು ಥರ. ಯುಕೆ ಕ್ಲೈಂಟ್ ಇದ್ದರೆ ಮಧ್ಯಾಹ್ನ ಲಾಗಿನ್, ಯುಎಸ್ ಕ್ಲೈಂಟ್ ಇದ್ದರೆ ಸಂಜೆ ಲಾಗಿನ್ ಆಗಿ ಬೆಳಗಿನ ಜಾವ ಲಾಗೌಟ್.

ಮಕ್ಕಳನ್ನು ನೋಡಿಕೊಳ್ಳುವ ಕಡೆಯ ಗಡಿಯಾರವೇ ಬೇರೆ. ಅಂಗನವಾಡಿ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಹಾಕುತ್ತೆ. ಖಾಸಗಿ ಡೇ ಕೇರ್‌ಗಳಲ್ಲಿ ಬಹುಪಾಲು ಜನರಲ್ ಶಿಫ್ಟಿನವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಡೆಯುವಂಥವು. ಉಳಿದಿದ್ದು ಪಕ್ಕದ ಬೀದಿಯಲ್ಲಿ ಮನೆಯಲ್ಲೇ ಬೇಬಿ ಸಿಟ್ಟಿಂಗ್ ಮಾಡುವ ಆಂಟಿ, ಇಲ್ಲಾಂದ್ರೆ ಊರಿಂದ ಬಂದು ಇರುವ ಅಜ್ಜಿ. ಅಜ್ಜಿ ಇಲ್ಲದ, ಆಂಟಿ ಒಪ್ಪದ ಮನೆಯಲ್ಲಿ ಎಂಟು ವರ್ಷದ ಅಕ್ಕನೇ ಎರಡು ವರ್ಷದ ತಮ್ಮನಿಗೆ ಕಾವಲು. ಅದೂ ಆಗದಿದ್ದರೆ ಕೆಲಸ ಬಿಡಬೇಕು. ಕೆಲಸ ಬಿಡೋರು ಹೆಚ್ಚಾಗಿ ಯಾರು ಅನ್ನೋದು ನಿಮಗೂ ಗೊತ್ತು.

ಕಾನೂನು ಏನನ್ನು ಎಣಿಸುತ್ತೆ?

ನಮ್ಮ ಕಾನೂನುಗಳಲ್ಲಿ ಕ್ರೆಶ್ ಅಂದ್ರೆ ಶಿಶುಪಾಲನಾ ಕೇಂದ್ರದ ಮಾತು ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು ಎಂದಿತು. ಮೊದಲು 50 ಇದ್ದ ಈ ಮಿತಿಯನ್ನು 30ಕ್ಕೆ ಇಳಿಸಿದ್ದು 1976ರ ತಿದ್ದುಪಡಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಮಹಿಳೆಯರು ಅನ್ನೋ ಲೆಕ್ಕ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ ದೊಡ್ಡ ಬದಲಾವಣೆ ಆಯ್ತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಕ್ರೆಶ್ ಒದಗಿಸಬೇಕು. ಇಲ್ಲಿ ಎಣಿಕೆಗೆ ಬರೋದು ಬರೀ ಮಹಿಳೆಯರಲ್ಲ, ಎಲ್ಲ ಉದ್ಯೋಗಿಗಳು. ಐಟಿ ಕಂಪನಿಗಳೂ ಇದರೊಳಗೆ ಬಂದವು. ತಾಯಿ ದಿನಕ್ಕೆ ನಾಲ್ಕು ಸಲ ಕ್ರೆಶ್‌ಗೆ ಹೋಗಿ ಮಗುವನ್ನು ನೋಡಿ ಬರಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಮಿತಿ 50ರ ಸುತ್ತಲೇ ಇದೆ.

ಇನ್ನೊಂದು ಥರದ ಸಂಖ್ಯೆಯೂ ಇದೆ. ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು ಅನ್ನೋದು. ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಗುಣಮಟ್ಟದ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕು.

ಮೊದಲನೇ ಸಂಖ್ಯೆ ಕ್ರೆಶ್ ಬೇಕೋ ಬೇಡವೋ ಅಂತ ಹೇಳುತ್ತೆ. ಎರಡನೇದು ಎಷ್ಟು ಕೈ ಬೇಕು ಅಂತ ಹೇಳುತ್ತೆ. ಆದರೆ ಯಾವ ಹೊತ್ತಿಗೆ ಎಷ್ಟು ಕೈ ಬೇಕು ಅನ್ನೋದನ್ನು ಕ್ರೆಶ್ ನಡೆಸುವವರೇ ಕೂತು ಲೆಕ್ಕ ಹಾಕಬೇಕು. ಶಿಫ್ಟ್ ಕೆಲಸದವರ ಕಷ್ಟ ಪೂರ್ತಿ ಕೂತಿರೋದು ಆ ಲೆಕ್ಕದಲ್ಲೇ.

ಅನುಪಾತ ಸಡಿಲಿಸಿದರೆ ಏನಾಗುತ್ತೆ?

"ಇನ್ನೊಂದು ಮಗು ತಾನೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದು ನಮ್ಮೂರಲ್ಲಿ ಸುಲಭವಾಗಿ ಬಾಯಿಗೆ ಬರೋ ಮಾತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ವರ್ಷದ ಮಗುವಿಗೆ ಊಟ ಮಾಡಿಸಲು 20 ನಿಮಿಷ ಅಂದುಕೊಳ್ಳಿ. ಹತ್ತು ಮಕ್ಕಳಿಗೆ 200 ನಿಮಿಷ, ಅಂದ್ರೆ ಮೂರು ಗಂಟೆಗೂ ಹೆಚ್ಚು. ಕೊನೆಯ ಮಗುವಿಗೆ ಉಣಿಸೋ ಹೊತ್ತಿಗೆ ಮೊದಲನೇ ಮಗುವಿಗೆ ಮತ್ತೆ ಹಸಿವು. ನಡುವೆ ಡಯಾಪರ್ ಬದಲಿಸೋದು, ಮಲಗಿಸೋದು, ಬಿದ್ದವರನ್ನು ಎತ್ತೋದು ಯಾವಾಗ?

ಇನ್ನು ಬೆಂಕಿಯ ಲೆಕ್ಕ. ಮೊದಲನೇ ಮಹಡಿಯ ಕ್ರೆಶ್‌ನಲ್ಲಿ ಹೊಗೆ ಕಾಣಿಸಿಕೊಂಡರೆ ಒಬ್ಬ ಮನುಷ್ಯ ಎರಡು ಕೈಯಲ್ಲಿ ನಡೆಯಲು ಬಾರದ ಎಷ್ಟು ಕೂಸುಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಬಹುದು? ಎರಡು. ಅನುಪಾತದ ಹಿಂದಿರೋದು ಇಂಥ ಸರಳ ಸತ್ಯಗಳು. ಇಂಗ್ಲೆಂಡ್‌ನ ನರ್ಸರಿಗಳಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಬೇಕು. ಅದಕ್ಕೆ ಹೋಲಿಸಿದರೆ ನಮ್ಮ 10 ಈಗಾಗಲೇ ಸಾಕಷ್ಟು ಸಡಿಲವಾಗಿದೆ. ಹತ್ತು ಅನ್ನೋದನ್ನು ತಲುಪಬೇಕಾದ ಗುರಿ ಅಂತಲ್ಲ, ದಾಟಬಾರದ ಗೆರೆ ಅಂತ ಓದಬೇಕು.

ಇಂಗ್ಲೆಂಡ್‌ನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೂ ಮಿತಿ ಇದೆ. ಎಂಟು ವರ್ಷದೊಳಗಿನವರು ಒಟ್ಟು 6, ಅವರಲ್ಲಿ ಐದು ವರ್ಷದೊಳಗಿನವರು 3, ಒಂದು ವರ್ಷದೊಳಗಿನದು ಸಾಮಾನ್ಯವಾಗಿ 1. ಈ ನಿಯಮದಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಮಿತಿ ಅನ್ವಯಿಸೋದು ಯಾವುದೇ ಒಂದು ಹೊತ್ತಿನಲ್ಲಿ ಅಲ್ಲಿರುವ ಮಕ್ಕಳಿಗೆ. ಪುಸ್ತಕದಲ್ಲಿ ಎಷ್ಟು ಹೆಸರಿದೆ ಅನ್ನೋದಕ್ಕಲ್ಲ. ನಮ್ಮ ಬೀದಿಯ ಆಂಟಿಗೆ ಆ ಕಾನೂನು ಅನ್ವಯಿಸಲ್ಲ, ನಿಜ. ಆದರೆ ಆ ಲೆಕ್ಕ ಅವರಿಗೂ ಅನ್ವಯಿಸುತ್ತೆ.

32 ಮಕ್ಕಳ ಒಂದು ಉದಾಹರಣೆ

ಪೀಣ್ಯದಲ್ಲಿ ಒಂದು ಕ್ರೆಶ್ ಇದೆ ಅಂತ ಕಲ್ಪಿಸಿಕೊಳ್ಳಿ. ಪುಸ್ತಕದಲ್ಲಿ 32 ಮಕ್ಕಳು. ಮೂರು ವರ್ಷದೊಳಗಿನವರನ್ನು ಚಿಕ್ಕವರು, ಮೇಲಿನವರನ್ನು ದೊಡ್ಡವರು ಅನ್ನೋಣ. ನಮ್ಮ ಅನುಪಾತದಂತೆ ಒಂದು ಚಿಕ್ಕ ಮಗುವಿನ ಭಾರ 0.1, ದೊಡ್ಡ ಮಗುವಿನದು 0.05. ಭಾರದ ಮೊತ್ತ ಎಷ್ಟು ಬರುತ್ತೋ ಅದನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ ಬೇಕಾದ ಪಾಲಕಿಯರ ಸಂಖ್ಯೆ ಸಿಗುತ್ತೆ.

- ಫಸ್ಟ್ ಶಿಫ್ಟಿನವರ ಮಕ್ಕಳು 12 (ಚಿಕ್ಕವರು 8, ದೊಡ್ಡವರು 4). ಬೆಳಗ್ಗೆ 5.30ರಿಂದ ಮಧ್ಯಾಹ್ನ 2.30. ಭಾರ 1.0.
- ಜನರಲ್ ಶಿಫ್ಟಿನವರ ಮಕ್ಕಳು 10 (ಚಿಕ್ಕವರು 4, ದೊಡ್ಡವರು 6). ಬೆಳಗ್ಗೆ 8.30ರಿಂದ ಸಂಜೆ 6. ಭಾರ 0.7.
- ಸೆಕೆಂಡ್ ಶಿಫ್ಟಿನವರ ಮಕ್ಕಳು 10 (ಚಿಕ್ಕವರು 6, ದೊಡ್ಡವರು 4). ಮಧ್ಯಾಹ್ನ 1.30ರಿಂದ ರಾತ್ರಿ 10.30. ಭಾರ 0.8.

ಈಗ ಗಡಿಯಾರದ ಮೇಲೆ ಇಡೋಣ.

- 5.30ರಿಂದ 8.30: ಭಾರ 1.0, ಒಬ್ಬರು.
- 8.30ರಿಂದ 1.30: ಭಾರ 1.7, ಇಬ್ಬರು.
- 1.30ರಿಂದ 2.30: ಭಾರ 2.5, ಮೂವರು.
- 2.30ರಿಂದ 6: ಭಾರ 1.5, ಇಬ್ಬರು.
- 6ರಿಂದ 10.30: ಭಾರ 0.8, ಒಬ್ಬರು.

ನೋಡಿ, ಮೂವರು ಬೇಕಾಗೋದು ದಿನದಲ್ಲಿ ಒಂದೇ ಒಂದು ಗಂಟೆ. ಎರಡು ಗಂಟೆಗೆ ಮಷೀನ್ ಬಿಡಬೇಕಾದ ತಾಯಿ 2.30ರ ಮುಂಚೆ ಬರೋಕಾಗಲ್ಲ. ಎರಡು ಗಂಟೆಗೆ ಮಷೀನ್ ಹಿಡಿಯಬೇಕಾದ ತಾಯಿ 1.30ಕ್ಕೇ ಮಗುವನ್ನು ಬಿಟ್ಟು ಹೋಗಬೇಕು. ಹಾಗಾಗಿ ಶಿಫ್ಟ್ ಬದಲಾಗೋ ಹೊತ್ತಿನಲ್ಲಿ ಎರಡು ಗುಂಪಿನ ಮಕ್ಕಳೂ ಒಂದೇ ಕೋಣೆಯಲ್ಲಿ. ಹಾಸ್ಟೆಲ್ ಮೆಸ್‌ನಲ್ಲಿ ಒಂದು ಗಂಟೆಗೆ ಕ್ಯೂ ಬಾಗಿಲಾಚೆ ಬರುತ್ತಲ್ಲ, ಹಾಗೆ. ಮೆಸ್‌ನ ಸರಾಸರಿ ಜನಸಂಖ್ಯೆ ತಗೊಂಡು ತಟ್ಟೆ ಇಟ್ಟರೆ ಸಾಕಾಗಲ್ಲ, ಪೀಕ್ ನೋಡಿಯೇ ಇಡಬೇಕು.

ಇಲ್ಲಿ ಸಾಮಾನ್ಯವಾಗಿ ಆಗೋ ಎಡವಟ್ಟು ಏನಂದ್ರೆ, ಪಾಲಕಿಯರ ಪಾಳಿಯನ್ನೂ ಕಾರ್ಖಾನೆಯ ಪಾಳಿಯಂತೆಯೇ ಎರಡು ಗಂಟೆಗೆ ಕತ್ತರಿಸೋದು. ಬೆಳಗ್ಗೆ ಇಬ್ಬರು, ಎರಡು ಗಂಟೆಯಿಂದ ಬೇರೆ ಇಬ್ಬರು ಅಂತ ಇಟ್ಟರೆ ಆ ಒಂದು ಗಂಟೆಯಲ್ಲಿ 2.5ರ ಭಾರ ಇಬ್ಬರ ಮೇಲೆ ಬೀಳುತ್ತೆ. ಅದೇ ನಾಲ್ವರನ್ನು ಬೆಳಗಿನವರು 5.30ರಿಂದ 2.30, ಸಂಜೆಯವರು 1.30ರಿಂದ 10.30 ಅಂತ ಇಟ್ಟರೆ, ಜನಸಂದಣಿಯ ಆ ಗಂಟೆಯಲ್ಲಿ ತಾನಾಗಿಯೇ ನಾಲ್ವರು ಇರ್ತಾರೆ. ಹೊಸದಾಗಿ ಯಾರನ್ನೂ ಸೇರಿಸಿಲ್ಲ, ಬದಲಾವಣೆಯ ಹೊತ್ತನ್ನು ಅಗಲ ಮಾಡಿದ್ದೇವೆ. ಹೆಚ್ಚುವರಿ ಅರ್ಧ ಗಂಟೆಗೆ ಸಂಬಳ ಕೊಡಬೇಕು ಅಷ್ಟೇ.

ಲೆಕ್ಕ ಒಬ್ಬರು ಸಾಕು ಅಂದ ಕಡೆಯೂ ಇಬ್ಬರನ್ನು ಇಟ್ಟಿದ್ದೇವೆ ಅನ್ನೋದನ್ನು ಗಮನಿಸಿದ್ರಾ? ಬೆಳಗ್ಗೆ ಆರಕ್ಕೆ ಒಂದು ಮಗುವಿಗೆ ಫಿಟ್ಸ್ ಬಂದರೆ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡೋರು ಒಬ್ಬರು, ಉಳಿದ ಹನ್ನೊಂದನ್ನು ನೋಡೋರು ಇನ್ನೊಬ್ಬರು ಬೇಕೇ ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಿಡಂಡೆನ್ಸಿ.

ಇನ್ನೂ ಮೂರು ಸೂಕ್ಷ್ಮ ಇವೆ. ಒಂದು, ಚಿಕ್ಕವರಿಗೂ ದೊಡ್ಡವರಿಗೂ ಬೇರೆ ಬೇರೆ ಕೋಣೆ ಮಾಡಿದರೆ ಪೂರ್ಣಾಂಕಕ್ಕೆ ಏರಿಸೋದನ್ನು ಎರಡು ಸಲ ಮಾಡಬೇಕು. ಬೆಳಗ್ಗೆ ಹತ್ತು ಗಂಟೆಗೆ ಚಿಕ್ಕವರು 12, ಅವರಿಗೆ ಇಬ್ಬರು. ದೊಡ್ಡವರು 10, ಅವರಿಗೆ ಒಬ್ಬರು. ಒಟ್ಟು ಇಬ್ಬರ ಬದಲು ಮೂವರು. ಎರಡು, ಪಾಲಕಿಯರೂ ಮನುಷ್ಯರು. 1.7ರ ಭಾರ ಇರುವಾಗ ಒಬ್ಬರು ಊಟಕ್ಕೆ ಎದ್ದರೆ ಉಳಿದೊಬ್ಬರ ಮೇಲೆ ಅಷ್ಟೂ ಬೀಳುತ್ತೆ. ಹಾಗಾಗಿ ಬೆಳಗ್ಗೆ ಹನ್ನೊಂದರ ಸುಮಾರಿಗೆ ಒಂದು ಗಂಟೆಗಾದರೂ ಐದನೆಯವರೊಬ್ಬರು ಬರಬೇಕು. ಮೂರು, ಗೊರಗುಂಟೆಪಾಳ್ಯದ ಟ್ರಾಫಿಕ್. ಮಳೆ ಬಂದು ಫಸ್ಟ್ ಶಿಫ್ಟಿನವರು ತಡವಾದರೆ 2.30ರ ನಂತರ ಎಷ್ಟು ಮಕ್ಕಳನ್ನು ಉಳಿಸಿಕೊಳ್ಳಬಹುದು? ಇಬ್ಬರಿದ್ದಾರೆ, ಭಾರ 1.5, ಉಳಿದಿದ್ದು 0.5. ಅಂದ್ರೆ ಐದು ಚಿಕ್ಕ ಮಕ್ಕಳು. ಆರನೆಯದು ಉಳಿದರೆ ಅನುಪಾತ ಮುರಿಯಿತು. ತಡವಾಗಿ ಬಂದವರಿಗೆ ಡೇ ಕೇರ್‌ನವರು ದಂಡ ಹಾಕೋದು ಬರೀ ದುಡ್ಡಿನಾಸೆಗೆ ಅಂತ ಬೈಯೋ ಮುಂಚೆ ಈ ಲೆಕ್ಕ ನೆನಪಿರಲಿ.

ಎದುರು ಬದುರು ಶಿಫ್ಟಿನ ಮನೆಗಳು

ಗಂಡ ಫಸ್ಟ್ ಶಿಫ್ಟ್, ಹೆಂಡತಿ ಸೆಕೆಂಡ್ ಶಿಫ್ಟ್ ಮಾಡಿ ಮಗುವನ್ನು ಕೈಯಿಂದ ಕೈಗೆ ದಾಟಿಸೋ ಮನೆಗಳಿವೆ. ಮೇಲುನೋಟಕ್ಕೆ ಇವರಿಗೆ ಡೇ ಕೇರ್ ಬೇಕಿಲ್ಲ ಅನ್ಸುತ್ತೆ. ಆದರೆ ಹೆಂಡತಿ 1.15ಕ್ಕೆ ಮನೆ ಬಿಡಬೇಕು, ಗಂಡ ಮನೆ ಸೇರೋದು 2.45ಕ್ಕೆ. ಒಂದೂವರೆ ಗಂಟೆಯ ಕಂದಕ.

ಬರೀ ಒಂದೂವರೆ ಗಂಟೆಗೆ ಮಗುವನ್ನು ಇಟ್ಕೊಳ್ತೀರಾ ಅಂತ ಕೇಳಿದರೆ ಡೇ ಕೇರ್‌ಗಳು ಹಿಂದೆ ಮುಂದೆ ನೋಡ್ತವೆ. ಯಾಕೆ ಅನ್ನೋದು ಈಗ ಅರ್ಥ ಆಗುತ್ತೆ. ಆ ಒಂದೂವರೆ ಗಂಟೆ ಬೀಳೋದು ಸರಿಯಾಗಿ ಜನಸಂದಣಿಯ ಹೊತ್ತಿಗೇ. ಅವರಿಗೆ ಅದು ಕಾಲು ಸೀಟಿನ ಫೀಸು, ಪೂರ್ತಿ ಸೀಟಿನ ಖರ್ಚು. ಅತಿ ಕಡಿಮೆ ಹೊತ್ತು ಬೇಕಾದ ಮನೆಗೇ ಜಾಗ ಸಿಗೋದು ಅತಿ ಕಷ್ಟ. ಕೊನೆಗೆ ಹೋಗಿ ನಿಲ್ಲೋದು ಬೀದಿಯ ಆಂಟಿ ಮನೆ ಬಾಗಿಲಿಗೆ. ಆಂಟಿಯ ಹತ್ತಿರ ಆಗಲೇ ನಾಲ್ಕು ಕೂಸು ಇರುತ್ತೆ. ಪರಿಚಯದವರು, ಕಷ್ಟದಲ್ಲಿದ್ದಾರೆ ಅಂತ ಐದನೇದನ್ನೂ ಒಪ್ಪಿಕೊಳ್ತಾರೆ. ಅಪಾಯ ಹುಟ್ಟೋದು ಹೀಗೆ, ಒಬ್ಬರ ಒಳ್ಳೆಯತನದಿಂದಲೇ.

ಹಾಗಾದರೆ ಮಾಡೋದೇನು? ನಮ್ಮ ಉದಾಹರಣೆಯನ್ನೇ ನೋಡಿ. ಪಾಳಿ ಅಗಲ ಮಾಡಿದ ಮೇಲೆ ಆ ಗಂಟೆಯಲ್ಲಿ ನಾಲ್ವರಿದ್ದಾರೆ, ಭಾರ 2.5. ಹದಿನೈದು ಚಿಕ್ಕ ಮಕ್ಕಳ ಜಾಗ ಆ ಗಂಟೆಯಲ್ಲಿ ಖಾಲಿ ಇದೆ. ಬೆಳಗಿನವರನ್ನು ಇನ್ನೊಂದಿಷ್ಟು ಹೊತ್ತು ಉಳಿಸಿಕೊಂಡರೆ ಇಂಥ ಮನೆಗಳ ಮಕ್ಕಳನ್ನು ಅನುಪಾತ ಮುರಿಯದೆಯೇ ಸೇರಿಸಿಕೊಳ್ಳಬಹುದು. ಕೋಣೆಯಲ್ಲಿ ಅಷ್ಟು ಜಾಗ ಇರಬೇಕು ಅನ್ನೋದನ್ನು ಮರೀಬಾರದು. ಇಲ್ಲ ಅನ್ನೋ ಉತ್ತರ ಎಷ್ಟೋ ಸಲ ಅನುಪಾತದಿಂದಲ್ಲ, ಟೈಮ್‌ಟೇಬಲ್‌ನಿಂದ ಬಂದಿರುತ್ತೆ.

ರೊಟೇಷನ್ ಮತ್ತು ರಾತ್ರಿ

ವಾರಕ್ಕೊಮ್ಮೆ ಶಿಫ್ಟ್ ಬದಲಾದರೆ? ಫಸ್ಟ್ ಮತ್ತು ಸೆಕೆಂಡ್ ಶಿಫ್ಟಿನ ಎರಡೂ ತಂಡ ಇಡಿಯಾಗಿ ಅದಲು ಬದಲಾದರೆ ತೊಂದರೆ ಇಲ್ಲ, ನಮ್ಮ ಲೆಕ್ಕ ಹಾಗೇ ನಿಲ್ಲುತ್ತೆ. ಆದರೆ ಸೂಪರ್‌ವೈಸರ್ ತನಗೆ ತೋಚಿದಂತೆ ಒಬ್ಬೊಬ್ಬರನ್ನೇ ಎತ್ತಿ ಹಾಕಿದರೆ, ಯಾವುದೋ ಒಂದು ವಾರ 14 ಚಿಕ್ಕ ಮಕ್ಕಳೂ ಬೆಳಗಿನ ಪಾಳಿಗೇ ಬೀಳಬಹುದು. ಆಗ ಭಾರ 1.4, ಜನರಲ್‌ನ 0.7 ಸೇರಿ 2.1. ಬರೀ 0.1 ಹೆಚ್ಚಾಗಿದ್ದಕ್ಕೆ ಇನ್ನೊಬ್ಬರು ಬೇಕು. ಭಾನುವಾರ ರಾತ್ರಿ ವಾಟ್ಸಾಪ್‌ನಲ್ಲಿ ಬರೋ ರೋಸ್ಟರ್ ನೋಡಿ ಸೋಮವಾರ ಬೆಳಗ್ಗೆ ಐದೂವರೆಗೆ ಪಾಲಕಿಯನ್ನು ಎಲ್ಲಿಂದ ತರೋದು?

ರಾತ್ರಿಯ ವಿಷಯ ಇನ್ನೂ ಗಂಭೀರ. ಕರ್ನಾಟಕದ ಕಾರ್ಖಾನೆಗಳಲ್ಲಿ ಮಹಿಳೆಯರು ರಾತ್ರಿ ಪಾಳಿ ಮಾಡಲು 2019ರ ನವೆಂಬರ್‌ನಲ್ಲಿ ಸರ್ಕಾರ ಷರತ್ತುಗಳ ಮೇಲೆ ಅನುಮತಿ ಕೊಟ್ಟಿತು. 2023ರ ರಾಜ್ಯ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ಕೆಲಸಕ್ಕೂ ದಾರಿ ಮಾಡಿತು. ಕೆಲಸದ ಅವಕಾಶ ಹೆಚ್ಚಾಯ್ತು, ಒಳ್ಳೆಯದೇ. ಆದರೆ 12 ಗಂಟೆಯ ಪಾಳಿಗೆ ಹೋಗಿ ಬರುವ ಹೊತ್ತು ಸೇರಿಸಿದರೆ ಮಗುವಿಗೆ 14 ಗಂಟೆಯ ಆರೈಕೆ ಬೇಕು. ಒಬ್ಬ ಪಾಲಕಿ 14 ಗಂಟೆ ಎಚ್ಚರವಾಗಿದ್ದು ಕೂಸುಗಳನ್ನು ನೋಡಿಕೊಳ್ಳೋದು ಆಗದ ಮಾತು. ತಂದೆ ತಾಯಿಯ ಪಾಳಿ ಉದ್ದವಾದಷ್ಟೂ ಪಾಲಕಿಯರ ಪಾಳಿ ಎರಡಾಗಲೇಬೇಕು.

ಯುಎಸ್ ಶಿಫ್ಟಿನ ಮನೆಗಳಲ್ಲಿ ಇನ್ನೊಂದು ಪೇಚು. ರಾತ್ರಿ ಮೂರೂವರೆಗೆ ಲಾಗೌಟ್ ಆದರೆ ಗಾಢ ನಿದ್ದೆಯಲ್ಲಿರೋ ಮಗುವನ್ನು ಎಬ್ಬಿಸಿ ಕ್ಯಾಬ್‌ನಲ್ಲಿ ಹೊತ್ತೊಯ್ಯಬೇಕಾ? ಮಗು ಬೆಳಗಿನವರೆಗೆ ಅಲ್ಲೇ ಮಲಗಲಿ ಅಂದರೆ ಹಾಸಿಗೆ ಬೇಕು, ಎಚ್ಚರ ಇರೋ ಇಬ್ಬರು ಬೇಕು. ಮಲಗಿರೋ ಮಕ್ಕಳು ಅಂತ ಅನುಪಾತದಲ್ಲಿ ರಿಯಾಯ್ತಿ ತಗೊಂಡರೆ ಮೆಟ್ಟಿಲಿಳಿಯುವ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ.

ಎಲ್ಲಾದರೂ ಇದು ನಡೆದಿದೆಯಾ?

ನಡೆದಿದೆ. ಫಿನ್‌ಲ್ಯಾಂಡ್‌ನಲ್ಲಿ ಸಂಜೆ, ರಾತ್ರಿ, ವಾರಾಂತ್ಯ ದುಡಿಯುವವರ ಮಕ್ಕಳಿಗೆ ಅಗತ್ಯವಿದ್ದಷ್ಟು ಪಾಳಿ ಆರೈಕೆ ಒದಗಿಸೋದು ಸ್ಥಳೀಯ ಆಡಳಿತದ ಕಾನೂನುಬದ್ಧ ಕರ್ತವ್ಯ. ಅನುಪಾತವೂ ಬಿಗಿ: ಮೂರು ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು, ಮೇಲಿನ 7 ಮಕ್ಕಳಿಗೆ ಒಬ್ಬರು.

ಅಷ್ಟು ದೂರ ಹೋಗೋದೂ ಬೇಡ. 1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ ಮಣ್ಣಿನ ನಡುವೆ ಬಿದ್ದಿದ್ದ ಕೂಸುಗಳನ್ನು ನೋಡಿ ಮೀರಾ ಮಹಾದೇವನ್ ಅವರು ಮೊಬೈಲ್ ಕ್ರೆಶಸ್ ಶುರು ಮಾಡಿದರು. ಕೆಲಸ ಎಲ್ಲಿದೆಯೋ ಅಲ್ಲಿಗೇ ಕ್ರೆಶ್ ಹೋಗಲಿ ಅನ್ನೋದು ಅವರ ದಾರಿ. ನಮ್ಮ ರಾಜ್ಯದಲ್ಲೇ 2023ರಲ್ಲಿ ಘೋಷಣೆಯಾದ ಕೂಸಿನ ಮನೆ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನರೇಗಾ ಕೂಲಿಗೆ ಹೋಗುವವರ ಮಕ್ಕಳಿಗಾಗಿ ಬಂತು. ತಾಯಿಯ ಕೆಲಸ ನೋಡಿ ಮಗುವಿನ ಮನೆ ಕಟ್ಟೋದು ನಮಗೆ ಗೊತ್ತಿಲ್ಲದ್ದೇನಲ್ಲ. ಕೈಗಾರಿಕಾ ಪ್ರದೇಶಗಳ ಪಾಳಿಗೆ ಅದನ್ನು ಹೊಂದಿಸೋದು ಬಾಕಿ.

ಪೀಣ್ಯದ ಸಮಸ್ಯೆ ಏನಂದ್ರೆ ಅಲ್ಲಿ 50 ಜನ ಇಲ್ಲದ ಸಣ್ಣ ಯೂನಿಟ್‌ಗಳು ಬಹಳ. ಒಂದೊಂದೇ ತಗೊಂಡರೆ ಕಾನೂನು ಅವರನ್ನು ಮುಟ್ಟಲ್ಲ, ಅವರಿಗೆ ಕ್ರೆಶ್ ನಡೆಸೋ ಶಕ್ತಿಯೂ ಇರಲ್ಲ. ಆದರೆ ಹಲವರು ಸೇರಿ ಒಂದು ಸಾಮಾನ್ಯ ಕ್ರೆಶ್ ನಡೆಸಲು ಕಾನೂನಿನಲ್ಲೇ ಅವಕಾಶ ಇದೆ. ಲೆಕ್ಕವೂ ಅದಕ್ಕೆ ಒಲಿಯುತ್ತೆ. ಮೂರು ಚಿಕ್ಕ ಮಕ್ಕಳಿರುವ ನಾಲ್ಕು ಯೂನಿಟ್ ಬೇರೆ ಬೇರೆಯಾಗಿ ನಡೆಸಿದರೆ 0.3ಕ್ಕೂ ಒಬ್ಬೊಬ್ಬರು, ಒಟ್ಟು ನಾಲ್ವರು. ಸೇರಿದರೆ ಭಾರ 1.2, ಇಬ್ಬರು ಸಾಕು. ಮೇಲಾಗಿ ಒಂದು ಯೂನಿಟ್ ಎರಡಕ್ಕೆ, ಇನ್ನೊಂದು ಎರಡೂವರೆಗೆ ಶಿಫ್ಟ್ ಬದಲಿಸಲು ಒಪ್ಪಿಕೊಂಡರೆ ಆ ಪೀಕ್ ಕೂಡ ತಗ್ಗುತ್ತೆ. ಎಲೆಕ್ಟ್ರಾನಿಕ್ ಸಿಟಿಯಲ್ಲಂತೂ ಎಲ್ಸಿಟಾ ಅನ್ನೋ ಟೌನ್‌ಶಿಪ್ ಪ್ರಾಧಿಕಾರವೇ ಇದೆ. ರಸ್ತೆ, ನೀರಿನ ಹಾಗೆ ಇದನ್ನೂ ಎಲ್ಲರಿಗೂ ಸೇರಿದ ಸೌಕರ್ಯ ಅಂತ ನೋಡಬಹುದು.

ಒಟ್ಟಾರೆ ಹೇಳೋದಾದ್ರೆ, ಶಿಫ್ಟಿನವರಿಗೆ ಅನುಕೂಲ ಮಾಡಲು ಅನುಪಾತ ಸಡಿಲಿಸಬೇಕಿಲ್ಲ. ಬೇಕಾಗಿರೋದು ಎರಡು ವಾರ ಮುಂಚೆ ಕೈಗೆ ಸಿಗೋ ರೋಸ್ಟರ್, ಅಗಲವಾದ ಬದಲಾವಣೆಯ ಹೊತ್ತು, ಪಾಲಕಿಯರಿಗೆ ಸರಿಯಾದ ಸಂಬಳ, ಅಕ್ಕಪಕ್ಕದ ಕಂಪನಿಗಳ ಹೊಂದಾಣಿಕೆ. ಇವುಗಳಲ್ಲಿ ಮೊದಲನೇದು ಪೂರ್ತಿಯಾಗಿ ಕಂಪನಿಯ ಕೈಯಲ್ಲಿದೆ. ಅದರ ಭಾರವನ್ನು ಈಗ ಹೊರುತ್ತಿರೋದು ತಾಯಂದಿರು ಮತ್ತು ಬೀದಿಯ ಆಂಟಿಯರು.

ಆಪರೇಷನ್ಸ್ ರಿಸರ್ಚ್ ಓದಿದವರಿಗೆ ಇದು ಚೆಂದದ ಮಿನಿ ಪ್ರಾಜೆಕ್ಟ್ ಕೂಡ ಹೌದು. ದಿನವನ್ನು ಅರ್ಧ ಗಂಟೆಯ 48 ತುಂಡು ಮಾಡಿ, ಪ್ರತಿ ತುಂಡಿಗೂ ಭಾರ ಕೊಟ್ಟು, ಕಡಿಮೆ ಪಾಲಕಿಯರಲ್ಲಿ ಎಲ್ಲ ತುಂಡೂ ತುಂಬುವ ಪಾಳಿ ಹುಡುಕಿ. ಒಂದು ಸ್ಪ್ರೆಡ್‌ಶೀಟ್ ಸಾಕು. ಹತ್ತಿರದ ಯಾವುದಾದರೂ ಡೇ ಕೇರ್‌ಗೆ ಹೋಗಿ, ಅಲ್ಲಿ ಕೆಲಸ ಮಾಡುವ ಅಕ್ಕಂದಿರನ್ನು ಕೇಳಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ಊಟಕ್ಕೆ ಯಾವಾಗ ಏಳ್ತೀರಿ ಅನ್ನೋ ಪ್ರಶ್ನೆಯನ್ನು ಮಾತ್ರ ಮರೀಬೇಡಿ.

ಇನ್ನು ಪ್ರೀ-ಪ್ಲೇಸ್‌ಮೆಂಟ್ ಟಾಕ್‌ಗೆ ಬರೋ ಕಂಪನಿಯವರು ಕೊನೆಯಲ್ಲಿ ಎನಿ ಕ್ವೆಶ್ಚನ್ಸ್ ಅಂತ ಕೇಳ್ತಾರಲ್ಲ, ಆಗ ನಿಮಗೆ ಮಗು ಇಲ್ಲದಿದ್ದರೂ ಪರವಾಗಿಲ್ಲ, ಕೈ ಎತ್ತಿ ಕೇಳಿ: ನಿಮ್ಮ ಕ್ರೆಶ್ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೆ, ಶಿಫ್ಟ್ ಬದಲಾಗುವಾಗ ಅಲ್ಲಿ ಎಷ್ಟು ಜನ ಇರ್ತಾರೆ?